ಒಗ್ಗರಣೆಗೆ ಒಂದು ಉಸಿರು

ಅಮ್ಮಾ,

ಇವತ್ತು ಮುಲುಖಿಯಾ ಸೊಪ್ಪಿನ ಸಾರು ಮಾಡಿದೆ. ಸಾವೊ ಪಾಲೊದಲ್ಲಿ ಹಸಿ ಸೊಪ್ಪು ಸಿಗುವುದಿಲ್ಲ, ಹೆಪ್ಪುಗಟ್ಟಿದ ಪೊಟ್ಟಣ ತಂದೆ. ನೀನು ನೋಡಿದ್ದರೆ ಮೂಗು ಮುರಿಯುತ್ತಿದ್ದೆ.

ಬೆಳ್ಳುಳ್ಳಿ ಒಗ್ಗರಣೆ ಸುರಿಯುವಾಗ ಬೆಚ್ಚಿಬಿದ್ದವರ ಹಾಗೆ ಜೋರಾಗಿ ಉಸಿರೆಳೆಯದಿದ್ದರೆ ರುಚಿ ಬರುವುದಿಲ್ಲ ಎನ್ನುತ್ತಿದ್ದೆಯಲ್ಲ. ಅಕ್ಕಪಕ್ಕದವರಿಗೆ ಕೇಳಿಸೀತೆಂದು ನನಗೆ ನಾಚಿಕೆ. "ಫೋನ್ ಒಲೆ ಹತ್ರ ಹಿಡಿಯೇ, ನಾನೇ ಎಳೀತೀನಿ" ಎಂದು ನೀನು ನಮ್ಮೂರು ಟಾಂಟಾದ ಮನೆಯಿಂದಲೇ ಉಸಿರೆಳೆಯುತ್ತಿದ್ದೆ. "ಹಾಗಾದ್ರೆ ಸಾರು ಅತ್ತೆಯವರದ್ದೇ" ಎಂದು ನನ್ನ ಗಂಡ ರಮ್ಜಿ ರೇಗಿಸುತ್ತಿದ್ದ.

ಇವತ್ತು ನಾನೇ ಎಳೆದೆ. ಅಷ್ಟು ಜೋರಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಎದುರುಮನೆಯ ಮಾರ್ಲಿ ಬರಿಗಾಲಲ್ಲಿ ಓಡಿಬಂದಳು.

"ಏನಾಯ್ತೇ? ಊರಿಂದ ಕೆಟ್ಟ ಸುದ್ದಿ ಬಂತಾ?"

"ಇಲ್ಲ, ಸಾರಿಗೆ ಒಗ್ಗರಣೆ ಹಾಕ್ದೆ."

"ನಿಮ್ಮ ಕಡೆ ಒಗ್ಗರಣೆಗೂ ಹಿಂಗೆ ಜೀವ ಬಿಡ್ತಾರಾ?" ಎಂದು ಎದೆ ಹಿಡಿದುಕೊಂಡು ನಕ್ಕಳು. ಅವಳಿಗೂ ಒಂದು ಬಟ್ಟಲು ಬಡಿಸಿದೆ. ಚೆನ್ನಾಗಿದೆ ಎಂದಳು.

ನೀನಿಲ್ಲವೆಂಬ ಸುದ್ದಿ ಬಂದದ್ದು ಹೋದ ತಿಂಗಳು. ಆ ದಿನವೂ ಇದೇ ಒಲೆಯ ಮುಂದೆ ನಿಂತಿದ್ದೆ. ಗಂಟಲಿಂದ ಒಂದು ಸದ್ದೂ ಹೊರಡಲಿಲ್ಲ. ಹಾಗಾಗಿ ಯಾರೂ ಓಡಿಬರಲಿಲ್ಲ.