ಕೂತ ಫ್ರೆಟ್ಟಿಗೆ ಇನ್ನೊಂದು ಏಟು

ಬಳ್ಳಾರಿ
ಸೋಮವಾರ, 9-6-2025

ಪ್ರೀತಿಯ ನೀಲಾವತಿಗೆ,

ಬ್ರೂಸ್‌ಪೇಟೆಯ ವಾದ್ಯ ರಿಪೇರಿ ಅಂಗಡಿಯಿಂದ, ಕಿರೀಟವಿಲ್ಲದ, ಸೈನ್ಯವಿಲ್ಲದ, ಬೆಳಗಿನ ಚಹಾಕ್ಕೂ ಪಕ್ಕದಂಗಡಿಯ ಮುಂದೆ ಕೈಯೊಡ್ಡುವ ಮಹಾರಾಜ ಓಬಳೇಶ ಬರೆಯುವುದೇನೆಂದರೆ, ನಾನು ದಣಿದಿದ್ದೇನೆ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಆ ಸಾಲನ್ನು ಈ ಸಲ ಬಿಟ್ಟಿದ್ದೇನೆ.

ಹದಿನೈದು ದಿನದಲ್ಲಿ ನೀನು ಆರು ಸಲ ಫೋನ್ ಮಾಡಿದೆ. ನಾನು ಎತ್ತಲಿಲ್ಲ. ಕೊನೆಗೆ ಪಕ್ಕದ ಮಿರ್ಚಿ ಅಂಗಡಿಯ ಪಾರಮ್ಮನ ಫೋನಿಗೆ ಮಾಡಿ ನೀನು ಹೇಳಿಕಳಿಸಿದ್ದು ನನಗೆ ಮುಟ್ಟಿದೆ. ಬರುವ ಸೋಮವಾರ ವರ್ಗಾವಣೆಯ ಕೌನ್ಸೆಲಿಂಗ್. ಬಳ್ಳಾರಿಯ ಒಂದು ಶಾಲೆಯಲ್ಲಿ ಜಾಗ ಖಾಲಿ ಇದೆ. ತೆಗೆದುಕೊಂಡರೆ ಸಿರುಗುಪ್ಪದ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬರುತ್ತೀ. ಬಿಟ್ಟರೆ ರಿಟೈರ್ ಆಗುವವರೆಗೆ ದೇಶನೂರಿನ ಶಾಲೆಯೇ ಗತಿ. ಬಳ್ಳಾರಿ ತಗೊಳ್ಳಲೋ ಬೇಡವೋ, ಒಂದು ಮಾತು ಹೇಳಲಿ ಎಂದಿದ್ದೀ. ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಗಿಟಾರಿನ ಕಥೆ ಇದೆ. ಸಿಟ್ಟಾಗಬೇಡ. ನಾಂದಿ ಇಲ್ಲದೆ ಪರದೆ ಎತ್ತಿ ನನಗೆ ಅಭ್ಯಾಸವಿಲ್ಲ.

ಶ್ರೀವಲ್ಲಿ ಎಂಬ ಹುಡುಗಿ, ಬ್ಯಾಂಕಿನಲ್ಲಿ ಗುಮಾಸ್ತೆ, ತಿಂಗಳ ಹಿಂದೆ ಒಂದು ಹಳೇ ಗಿಟಾರ್ ತಂದಳು. ಅದರ ಕುತ್ತಿಗೆಯ ಮೇಲೆ ಲೋಹದ ಪಟ್ಟಿ ಅಡ್ಡಡ್ಡ ಕೂಡಿಸಿರುತ್ತಾರಲ್ಲ, ನೀನು ಮೆಟ್ಟಿಲು ಅನ್ನುತ್ತಿದ್ದೆ, ಆ ಫ್ರೆಟ್ಟುಗಳು ಬಾವಿಯ ಕಲ್ಲಿನ ಹಾಗೆ ಸವೆದಿದ್ದವು. ಇಪ್ಪತ್ತನ್ನೂ ಕಿತ್ತು ಹೊಸವು ಹಾಕಬೇಕು. ಕೆಲಸ ನಿನಗೆ ಗೊತ್ತಿರುವುದೇ. ಸೀಳಿನ ಕಸ ತೆಗೆದು, ಫ್ರೆಟ್ಟಿನ ತಂತಿ ಕತ್ತರಿಸಿಟ್ಟು, ಮೊದಲು ಎರಡು ತುದಿ, ಆಮೇಲೆ ನಡುವೆ, ಹಿತ್ತಾಳೆ ಸುತ್ತಿಗೆಯಿಂದ ಬಡಿಯುವುದು. ಫ್ರೆಟ್ಟು ಪೂರ್ತಿ ಕೂರುವವರೆಗೆ ಏಟು ಟೊಳ್ಳಾಗಿ ಕೇಳುತ್ತದೆ. ಕೂತ ಗಳಿಗೆ ದನಿ ಬದಲಾಗಿ ಗಟ್ಟಿಯಾಗುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ನೀನು ಕೂಗುತ್ತಿದ್ದೆ, "ಅದು ಕೂತೈತಿ, ಮುಂದಿಂದು ಹೊಡೀರಿ" ಎಂದು. ರೊಟ್ಟಿಯ ಸದ್ದಿನ ನಡುವೆ ನಿನಗೆ ಕೇಳುತ್ತಿದ್ದದ್ದು, ಸುತ್ತಿಗೆ ಹಿಡಿದ ನನಗೆ ಕೇಳುವುದಿಲ್ಲವೇ ಎಂದು ನಾನು ರೇಗುತ್ತಿದ್ದೆ.

ಕೇಳುತ್ತಿರಲಿಲ್ಲ, ನೀಲಾ. ಕಥೆ ಇಷ್ಟೇ.

ಕೂತ ಮೇಲೂ ಬಡಿಯುತ್ತ ಹೋದರೆ ಒಂದೊಂದು ಫ್ರೆಟ್ಟೂ ಕಟ್ಟಿಗೆಯೊಳಗೆ ಬೆಣೆಯಾಗುತ್ತದೆ. ಇಪ್ಪತ್ತು ಬೆಣೆ ಸೇರಿದರೆ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ. ಹೋದ ವಾರ ಶ್ರೀವಲ್ಲಿ ಗಿಟಾರ್ ವಾಪಸ್ ತಂದು ಬೆಂಚಿನ ಮೇಲಿಟ್ಟಳು. ಫ್ರೆಟ್ಟುಗಳ ನಡುವಿನ ಮೊದಲ ಮೂರು ಮನೆಗಳಲ್ಲಿ ಬೆರಳಿಟ್ಟರೆ ತಂತಿ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತಂತೆ. ಅವಳು ಜಗಳ ಮಾಡಲಿಲ್ಲ. ನನ್ನ ಮುಖದ ಎದುರಿಗೇ ನಿಂತು ನಿಧಾನಕ್ಕೆ, "ಅಂಕಲ್, ನೀವು ಹೊಡೆಯೋದು ಓಣಿ ತುದಿಗೆ ಕೇಳ್ತಿತ್ತು. ನಿಮಗ ಕೇಳಿಸ್ಲಿಲ್ಲೇನ್ರಿ?" ಅಂದಳು. ಕುರುಗೋಡಿನ ಸ್ಟೇಜಿನಿಂದ ಮೈಕಿಲ್ಲದೆ ಕೊನೇ ಸಾಲಿಗೆ ಮಾತು ಮುಟ್ಟಿಸಿದ ರಾಜನ ಪಾತ್ರಧಾರಿ ನಾನು, ತಲೆ ತಗ್ಗಿಸಿ ಗಿಟಾರನ್ನು ಹತ್ತಿರಕ್ಕೆ ಎಳೆದುಕೊಂಡೆ. ಆ ಕೊನೇ ಸಾಲಿನಲ್ಲಿ ನೀನೂ ಕಿವಿ ಮುಚ್ಚಿಕೊಂಡು ಕೂತಿದ್ದೆ ಅನ್ನುವುದು ನನಗೆ ಮದುವೆಯಾದ ಮೇಲೆ ತಿಳಿಯಿತು. ಆ ಮಾತಿಗೆ ಎಷ್ಟು ನಕ್ಕಿದ್ದೆವು.

ಐದು ವರ್ಷದ ಹಿಂದೆಯೇ ಕಿವಿಯ ಡಾಕ್ಟರಿಗೆ ತೋರಿಸಿದ್ದೆ. ನಿನಗೆ ಹೇಳಲಿಲ್ಲ. ಬಲಗಿವಿ ಹೋಗಿದೆ, ಎಡಗಿವಿ ಅರ್ಧ ಉಳಿದಿದೆ, ಮಷಿನ್ ಹಾಕಿಕೋ ಎಂದರು. ವಾದ್ಯ ರಿಪೇರಿಯವನ ಕಿವಿಯಲ್ಲಿ ಮಷಿನ್ ಕಂಡರೆ ಹಾರ್ಮೋನಿಯಂ ಯಾರು ತರುತ್ತಾರೆ? ಚೀಟಿಯನ್ನು ನಾಟಕದ ಬಣ್ಣದ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಬಾದನಹಟ್ಟಿಯ ನಾಟಕ ನೆನಪಿದೆಯಲ್ಲ? ದರ್ಬಾರಿನ ದೃಶ್ಯದಲ್ಲಿ ಹಾರ್ಮೋನಿಯಂ ಒಂದು ಶ್ರುತಿಯಲ್ಲಿ, ಮಹಾರಾಜರು ಇನ್ನೊಂದು ಶ್ರುತಿಯಲ್ಲಿ. ಜನ ಸೀಟಿ ಹೊಡೆದರು. ಇಳಿದು ಬಂದ ಮೇಲೆ ನೀನು ಕೇಳಿದೆ, ನಾನು ಕುಡಿದಿದ್ದೆ ಎಂದೆ. ಆಣೆ ಇಟ್ಟು ಹೇಳುತ್ತೇನೆ, ಆ ದಿನ ಒಂದು ಹನಿಯೂ ಮುಟ್ಟಿರಲಿಲ್ಲ. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಕುಡುಕ ಎನ್ನಿಸಿಕೊಳ್ಳುವುದು ಮೇಲು ಎಂದು ಕಂಡಿತು. ಕುಡುಕ ರಾಜನಿಗೆ ಮರುವರ್ಷವೂ ಪಾರ್ಟು ಕೊಡುತ್ತಾರೆ. ಆಮೇಲೆ ಮನೆಯಲ್ಲಿ ನನ್ನ ಬಾಯಿಯ ವಾಸನೆ ನೋಡುವುದು ನಿನಗೆ ರೂಢಿಯಾಯಿತು. ಏನೂ ಸಿಗದೆ ಇನ್ನಷ್ಟು ಅನುಮಾನಪಟ್ಟೆ. ನಾನು ಇನ್ನಷ್ಟು ದನಿ ಎತ್ತರಿಸಿದೆ. ನನಗೆ ಅದು ಮಾತು, ನಿನಗೆ ಅದು ಬೈಗುಳ.

ಶ್ರೀವಲ್ಲಿ ಹೋದ ಮೇಲೆ ಪಾರಮ್ಮ ಮಿರ್ಚಿಯ ಬಾಣಲೆ ಇಳಿಸಿಟ್ಟು ಒಳಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು, ಅವಳ ಕಿವಿಗೇನು ಧಾಡಿ. ನನ್ನ ಎಡಗಡೆ ಕೂತು, "ಲೇ ರಾಜಾ, ನಿನ್ನ ಹೇಣ್ತಿ ಪ್ರಮೋಷನ್ ಆರ್ಡರ್ ಹಿಡಕೊಂಡು ನಿನ್ನ ಬೆನ್ನ ಹಿಂದ ನಿಂತು ಮೂರು ಸಲ ಕೇಳಿದ್ಲು. ನೀ ಸುತ್ತಿಗಿ ಕೆಳಗ ಇಡ್ಲಿಲ್ಲ. ಅಂಥಾ ಸೊಕ್ಕು ಯಾರಿಗೆ ಬೇಕಲೇ ಅಂತ ನಾನೂ ನಿನ್ನ ಬೈದಿದ್ದೆ" ಅಂದಳು. ನಾಲ್ಕು ವರ್ಷ ಅವಳೂ ಅದನ್ನು ಸೊಕ್ಕು ಎಂದೇ ತಿಳಿದಿದ್ದಳು. ನೀನೂ ಹಾಗೇ ತಿಳಿದು ದೇಶನೂರಿಗೆ ಮುಖ್ಯಶಿಕ್ಷಕಿಯಾಗಿ ಹೋದೆ. ಮೊದಲು ಭಾನುವಾರಕ್ಕೊಮ್ಮೆ ಬಂದೆ, ಆಮೇಲೆ ಅದೂ ನಿಂತಿತು. ನನಗೆ ಕೇಳಿಸಿರಲಿಲ್ಲ. ನಿನ್ನನ್ನು ಅಷ್ಟು ದೂರ ಕಳಿಸಿದ್ದು ನನ್ನ ಕಿವಿ, ನಾನಲ್ಲ.

ಗಿಟಾರಿನ ಕಥೆ ಮುಗಿಸುತ್ತೇನೆ. ಎಲ್ಲ ಫ್ರೆಟ್ಟುಗಳನ್ನೂ ಕಾವು ಕೊಟ್ಟು ಇಕ್ಕಳದಿಂದ ಒಂದೊಂದಾಗಿ ಎಬ್ಬಿಸಿದೆ. ಕುತ್ತಿಗೆ ಎಷ್ಟು ಬಾಗಿದೆ ಎಂದು ನೋಡಲು ಅದಕ್ಕೆ ಗದ್ದ ಊರಿ ಕಣ್ಣು ಹಾಯಿಸುತ್ತಿದ್ದಾಗ ಕೈತಪ್ಪಿ ಸುತ್ತಿಗೆ ಕಟ್ಟಿಗೆಗೆ ತಾಗಿತು. ಆ ಸದ್ದು ದವಡೆಯೊಳಗಿಂದ ತಲೆಗೆ ಏರಿತು, ಮೂವತ್ತರ ವಯಸ್ಸಿನಲ್ಲಿ ಕೇಳುತ್ತಿದ್ದಷ್ಟೇ ಸ್ಪಷ್ಟವಾಗಿ. ಬೇಕೆಂದೇ ಇನ್ನೊಮ್ಮೆ ತಾಗಿಸಿ ನೋಡಿದೆ. ಆಮೇಲೆ ಒಂದು ಬಿದಿರಿನ ಕಡ್ಡಿ ಹುಡುಕಿದೆ. ಒಂದು ತುದಿ ಹಲ್ಲಿನ ನಡುವೆ, ಇನ್ನೊಂದು ತುದಿ ಗಿಟಾರಿನ ಕುತ್ತಿಗೆಯ ಮೇಲೆ. ಹಾಗೆ ಕಚ್ಚಿಕೊಂಡೇ ಬಡಿದೆ. ಟೊಳ್ಳು, ಟೊಳ್ಳು, ಗಟ್ಟಿ. ನಿಲ್ಲಿಸಿದೆ. ಇಪ್ಪತ್ತಕ್ಕೆ ಎರಡು ದಿನ ಹಿಡಿಯಿತು. ಪಾರಮ್ಮ ಇಣುಕಿ, ಕಡಿವಾಣ ಹಾಕಿದ ಕುದುರಿ ಆಗೀದಿ ಎಂದು ನಕ್ಕು ಹೋದಳು. ನಿನ್ನೆ ಶ್ರೀವಲ್ಲಿ ಬಂದು ಎಲ್ಲ ಮನೆಗಳಲ್ಲೂ ಬೆರಳಿಟ್ಟು ನುಡಿಸಿದಳು. ನನಗೆ ಕೇಳಿದ್ದು ಅರ್ಧ. ಅವಳ ಮುಖ ನೋಡಿ ಉಳಿದರ್ಧ ತಿಳಿದುಕೊಂಡೆ. ದವಡೆ ಇನ್ನೂ ನೋಯುತ್ತಿದೆ, ರೊಟ್ಟಿ ಅಗಿಯಲಾಗದೆ ಅನ್ನ ಮಜ್ಜಿಗೆ ಉಣ್ಣುತ್ತಿದ್ದೇನೆ.

ಈಗ ಉತ್ತರ. ಬಳ್ಳಾರಿ ತಗೋ. ಮನೆ ಹಾಗೇ ಇದೆ, ಸೆಕೆಯೂ ಹಾಗೇ ಇದೆ. ಡಾಕ್ಟರ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ಬುಧವಾರ ಮಷಿನ್ನಿಗೆ ಅಳತೆ ಕೊಡಲು ಹೋಗುತ್ತೇನೆ, ಪಾರಮ್ಮ ಜೊತೆಗೆ ಬರುತ್ತಾಳೆ. ಬಂದಾಗ ನನ್ನ ಎಡಗಡೆಯಿಂದ ಮಾತಾಡು. ನಾನು ಕೂಗಿದರೆ ಕೈ ಎತ್ತು, ಇಳಿಸುತ್ತೇನೆ. ಗರ್ಜಿಸಿ ಗರ್ಜಿಸಿ ನನಗೂ ಸಾಕಾಗಿದೆ.

ಇಂತಿ, ವೇಷ ಕಳಚಿದ
ನಿನ್ನ ಓಬಳೇಶ

ತಾ.ಕ.: ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿದೆ. ಒಂದು ಕಡೆ ಮತ್ತೆ ಪಾರ್ಟು ಮಾಡಿದ್ದೇನೆ. ನೀನು ಮೂರು ಸಲ ಕೇಳಿದ್ದೆ ಎಂಬುದು ಪಾರಮ್ಮ ಹೇಳುವ ಮೊದಲೇ ನನಗೆ ಗೊತ್ತಿತ್ತು. ಮೊದಲ ಎರಡು ಸಲ ನೀನು ಕೇಳಿದ್ದು ಕೇಳಿಸಲಿಲ್ಲ, ಅದು ನಿಜ. ಮೂರನೇ ಸಲ ನೀನು ಬೆಂಚು ಸುತ್ತಿ ನನ್ನ ಎಡಗಡೆಗೆ ಬಂದೆ. "ಇದು ಮೂರನೇ ಸಲ ಕೇಳಾಕ ಹತ್ತೀನಿ. ಹೋಗ್ಲೋ ಬ್ಯಾಡೋ, ಒಂದು ಮಾತು ಹೇಳ್ರಿ" ಅಂದೆ. ಪ್ರತಿ ಅಕ್ಷರ ಕೇಳಿಸಿತು. ತಲೆ ಎತ್ತಿದ್ದರೆ ಮೊದಲ ಎರಡು ಸಲ ಯಾಕೆ ಸುಮ್ಮನಿದ್ದೆ ಎಂದು ಹೇಳಬೇಕಾಗುತ್ತಿತ್ತು. ಕೈಯಡಿಯ ಫ್ರೆಟ್ ಆಗಲೇ ಕೂತಿತ್ತು, ಹೆಬ್ಬೆರಳಿಗೆ ಗೊತ್ತಾಗಿತ್ತು. ತಲೆ ಎತ್ತದೆ ಅದಕ್ಕೇ ಇನ್ನೊಂದು ಏಟು ಕೊಟ್ಟೆ.