ಮೊಗ್ಗಿಗೆ ಹಾಕಿದ ಟೋಪಿ

ಮಾರ್ಚ್ ೯, ಭಾನುವಾರ

ನನ್ನ ಎಡಚಿ ತಂಗಿಗೆ,

ಎಂಟು ವರ್ಷದ ಮೇಲೆ ಅಕ್ಕನಿಗೆ ಏನು ಬಂತು ಎಂದು ಹುಬ್ಬೇರಿಸಬೇಡ. ಚೆನ್ನಾಗಿದ್ದೇನೆ, ನರ್ಸರಿಯೂ ನಡೆಯುತ್ತಿದೆ. ಮೊಣಕಾಲು ಮಾತ್ರ ಮಾತು ಕೇಳುವುದಿಲ್ಲ.

ನಿನ್ನ ಬಿಳಿ ಡೇಸಿ ಈ ಸಲ ಗೇಟಿನಿಂದ ನೀರಿನ ತೊಟ್ಟಿಯವರೆಗೂ ಅರಳಿದೆ. ಒಗೆದು ಇಸ್ತ್ರಿ ಮಾಡಿದಂಥ ಬಿಳುಪು, ನಡುವೆ ಹಳದಿ ಬೊಟ್ಟು. ಗಾಳಿಗೆ ಬಾಗುತ್ತದೆ, ಬೀಳುವುದಿಲ್ಲ. ಕತ್ತರಿಸಿ ನೀರಿನಲ್ಲಿಟ್ಟರೆ ಎರಡು ವಾರ ಹಾಗೇ ಇರುತ್ತದೆ. ಬೀಜ ಬಿತ್ತಿದರೆ ಮಾತ್ರ ಹುಟ್ಟುವುದು ಬೇರೇನೋ. ಅದಕ್ಕೇ ನೀನು ಹೇಳಿಕೊಟ್ಟ ಹಾಗೆ ಎರಡು ವರ್ಷಕ್ಕೊಮ್ಮೆ ಬುಡ ಸೀಳಿ ನೆಡುತ್ತಾ ಬಂದಿದ್ದೇನೆ. ಕೊಳ್ಳಲು ಬಂದವರು ಇದರ ಹೆಸರೇನು ಎಂದು ಕೇಳುತ್ತಾರೆ. ಇನ್ನೂ ಇಟ್ಟಿಲ್ಲ ಎನ್ನುತ್ತೇನೆ. ಇಡಬೇಕಾದವಳು ಮನೆಬಿಟ್ಟು ಹೋಗಿದ್ದಾಳೆ ಎಂದು ಹೇಳಲಾಗುತ್ತದೆಯೇ?

ಸುತ್ತಿ ಬಳಸಿದ್ದು ಸಾಕು. ತೋಟಗಾರರ ಸಂಘದವರು ನಿನ್ನನ್ನು ಸುಳ್ಳುಗಾತಿ ಎಂದರಲ್ಲ, ತಪ್ಪು ನನ್ನದು.

ದೊಡ್ಡ ಡೇಸಿಗೆ ಕುಳ್ಳ ಡೇಸಿಯ ಪರಾಗವನ್ನು ಕುಂಚದಲ್ಲಿ ಸವರಿ, ಜೇನುನೊಣ ಬೇರೆ ಹೂವಿನ ಪರಾಗ ತಂದು ಮೂಗು ತೂರಿಸದಿರಲಿ ಎಂದು ನೀನು ಕಾಗದದ ಚೀಲ ಕಟ್ಟುತ್ತಿದ್ದೆ. ಮೊಗ್ಗಿಗೇ ಟೋಪಿ ಹಾಕುತ್ತೀಯಲ್ಲೇ ಎಂದು ನಾನು ನಗುತ್ತಿದ್ದೆ. ನೀನು ಗೊಬ್ಬರ ತರಲು ಹೋಗಿದ್ದ ಒಂದು ಬೆಳಿಗ್ಗೆ, ಒಳಗೆ ಏನಾಗಿದೆ ನೋಡೋಣ ಎಂದು ಹನ್ನೆರಡೂ ಟೋಪಿ ಬಿಚ್ಚಿದೆ. ನಿನ್ನ ಎಡಗೈ ಗಂಟು ಬಿಚ್ಚಲು ನನ್ನ ಉಗುರೇ ಮುರಿಯಿತು. ಅಷ್ಟರಲ್ಲಿ ಗುಲಾಬಿ ಗಿಡ ಕೇಳಿಕೊಂಡು ಟೀಚರಮ್ಮ ಬಂದರು. ಅವರ ಮಾತು ನಿನಗೆ ಗೊತ್ತಲ್ಲ. ಅವರನ್ನು ಸಾಗಹಾಕಿ ಬರುವಷ್ಟರಲ್ಲಿ ಜೇನುನೊಣಗಳು ಊಟ ಮುಗಿಸಿದ್ದವು. ಮತ್ತೆ ಕಟ್ಟಿಟ್ಟು, ನೀನು ಬಂದಾಗ ಏನೂ ತಿಳಿಯದವಳ ಹಾಗೆ ಕುಂಡ ತೊಳೆಯುತ್ತಿದ್ದೆ.

ಆ ಬೀಜದಿಂದ ಬಂದದ್ದೇ ಈ ಹೂ. ಇದರ ಅಪ್ಪ ಆ ಕುಳ್ಳ ಡೇಸಿಯೇ ಎಂದು ನೀನು ನಂಬಿ ಸಂಘಕ್ಕೆ ಬರೆದುಕೊಟ್ಟೆ. ಅವರು ಅದೇ ಜೋಡಿಯನ್ನು ಮೂರು ಸಲ ಕೂಡಿಸಿ ನೋಡಿದರು, ಮುದುರಿದ ಹೂಗಳೇ ಬಂದವು. ಸಭೆಯಲ್ಲಿ ಕಾರ್ಯದರ್ಶಿ, ಇದನ್ನ ಎಲ್ಲಿಂದ ಕದ್ದೆಯಮ್ಮ ಅಂತ ಎಲ್ಲರೆದುರು ಕೇಳಿದಾಗ ನಾನು ಎರಡನೇ ಸಾಲಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನೀನು ಒಮ್ಮೆ ನನ್ನ ಕಡೆ ತಿರುಗಿ ನೋಡಿದೆ. ಮರುದಿನ ಊರು ಬಿಟ್ಟೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇದರ ಅಪ್ಪ ನಮ್ಮ ಬೇಲಿಯಾಚೆ, ಚರಂಡಿ ಪಕ್ಕ ತಾನಾಗಿ ಬೆಳೆಯುವ ಪುಟ್ಟ ಡೇಸಿ ಕಣೇ. ಹೋದ ವರ್ಷ ನಾನೇ ಕುಂಚ ಹಿಡಿದು ಆ ಜೋಡಿ ಮಾಡಿದೆ. ಮೊನ್ನೆ ಒಂದು ಸಸಿ ಅರಳಿತು: ಅದೇ ಬಿಳುಪು, ಅದೇ ಬೊಟ್ಟು. ಎಲ್ಲವನ್ನೂ ಬರೆದು ಸಂಘಕ್ಕೆ ನಿನ್ನೆಯೇ ಅಂಚೆಗೆ ಹಾಕಿದ್ದೇನೆ. ಹೂವಿಗೆ ಬೇಕಾದ ಹೆಸರಿಡು, ಕೆಟ್ಟುಹೋದ ನಿನ್ನ ಹೆಸರು ಮಾತ್ರ ಸರಿಹೋಗಲಿ.

ನೀನು ಬಿಟ್ಟುಹೋದ ನೋಟ್‌ಬುಕ್ ಕಳಿಸುತ್ತಿದ್ದೇನೆ. ತೆರೆದು ನೋಡಿಲ್ಲ. ನಿನ್ನದನ್ನು ಒಮ್ಮೆ ಬಿಚ್ಚಿ ಪಟ್ಟದ್ದು ಸಾಕಾಗಿದೆ.

ಕ್ಷಮಿಸು ಎನ್ನಲು ಮುಖವಿಲ್ಲ. ಆದರೂ ಕೇಳುತ್ತೇನೆ.

ನಿನಗೇ ಟೋಪಿ ಹಾಕಿದ
ಅಕ್ಕ

ತಾ.ಕ.: ಪಾರ್ಸೆಲ್ ಕಟ್ಟುವಾಗ ಪುಸ್ತಕ ಕೈಜಾರಿ ಬಿದ್ದು ಕೊನೆಯ ಪುಟ ತೆರೆದುಕೊಂಡಿತು. ಸಭೆಯ ದಿನದ ತಾರೀಖು. ಹಳೆಯ ಟೋಪಿಯ ದಾರವನ್ನು ಗಂಟಿನ ಸಮೇತ ಅಂಟಿಸಿದ್ದೀಯ. ಕೆಳಗೆ ನಿನ್ನ ಓರೆ ಅಕ್ಷರ: 'ಈಗ ನೋಡಿದೆ. ಬಲಗೈ ಗಂಟು. ನಾನು ಹೇಳಲ್ಲ. ಅಕ್ಕನೇ ಎದ್ದು ಹೇಳ್ತಾಳೆ.'

ಎದ್ದಿದ್ದೇನೆ ತಂಗಿ. ಎಂಟು ವರ್ಷ ತಡವಾಯಿತು.