ಅಣ್ಣ ಬಯ್ಯುವ ಸಾಫ್ಟ್‌ವೇರ್

ಕೊಟ್ಟೂರು
12 ಜೂನ್ 2025, ಗುರುವಾರ

ಪ್ರೀತಿಯ ಸೌಭಾಗ್ಯ,

ಇವತ್ತು ಬೆಳಿಗ್ಗೆ ಅಣ್ಣನ ಬೈತಲೆ ಬಲಕ್ಕೆ ಬಂದಿತ್ತು. ಎಡಗೈಯಲ್ಲಿ ಬಾಚಿಕೊಂಡರೆ ಹಾಗಾಗುತ್ತದೇನೋ. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಕೂದಲು ಕೆದರಿಕೊಂಡು, ಹಾಗೆಯೇ ಬಂದು ಕಂಪ್ಯೂಟರಿನ ಪಕ್ಕ ಕುಳಿತ. ಅವ್ವ ಕಂಡರೂ ಕಾಣದವಳಂತೆ ರೊಟ್ಟಿ ಬಡಿಯುತ್ತಲೇ ಇದ್ದಳು.

ಹರಪನಹಳ್ಳಿಗೆ ಬಂದು ಸೋಮವಾರ ನಿಮ್ಮ ಶಾಲೆಗೆ ಟೀಚರಾಗಿ ಸೇರುತ್ತೇನೋ ಇಲ್ಲವೋ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಎರಡು ಕೋಣೆಯ ಮನೆ, ಆಡಿದ್ದೆಲ್ಲ ಎಲ್ಲರಿಗೂ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ತಗಡು ಕತ್ತರಿಸುವ ಪವರ್ ಪ್ರೆಸ್ಸಿಗೆ ಸಿಕ್ಕಿ ನಮ್ಮ ಬೀರಲಿಂಗೇಶಣ್ಣ ಬಲಗೈ ಬೆರಳುಗಳನ್ನು ಕಳೆದುಕೊಂಡದ್ದು ನಿನಗೆ ಗೊತ್ತು. ಟ್ರ್ಯಾಕ್ಟರ್ ಕೂರಿಗೆಗಳಿಗೆ ಡ್ರಾಯಿಂಗ್ ಮಾಡಿಕೊಡುವುದೊಂದೇ ಅವನಿಗೆ ಉಳಿದ ಕೆಲಸ. ಅವನು ಮೊದಲಿನಿಂದ ಬಳಸುತ್ತಿದ್ದ ಡ್ರಾಯಿಂಗ್ ಸಾಫ್ಟ್‌ವೇರ್ ಫ್ರೀಕ್ಯಾಡ್‌ನಲ್ಲಿ ಹೆಚ್ಚಿನದೆಲ್ಲ ಮೌಸಿನಿಂದಲೇ ಆಗಬೇಕು. ಎಡಗೈ ಪಳಗಲಿಲ್ಲ. ನಾನು ಹುಡುಕಿ ಇನ್ನೊಂದು ಸಾಫ್ಟ್‌ವೇರ್, ಓಪನ್‌ಸ್ಕ್ಯಾಡ್ ಹಾಕಿಕೊಟ್ಟೆ. ಅದರಲ್ಲಿ ಗೆರೆ ಎಳೆಯುವಂತಿಲ್ಲ, ಬರೆಯಬೇಕು. ಇಷ್ಟು ದಪ್ಪದ ತಟ್ಟೆ ಇಡು, ಅದರಲ್ಲಿ ಇಷ್ಟು ತೂತು ಕೊರೆ, ಹೀಗೆ. ಅವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ.

"ಲೇ ಯಶೋದಿ, ನಿನ್ನ ಕನ್ನಡ ಎಂ.ಎ. ಕಬ್ಬಿಣದ ಕೆಲಸಕ್ಕ ಬಂತು ನೋಡು" ಎಂದು ನಕ್ಕಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು.

ಹಗರಿಬೊಮ್ಮನಹಳ್ಳಿಯಲ್ಲಿ ಕೂರಿಗೆ ಮಾಡುವ ಎರ್ರೆಪ್ಪ, ಮೆಕ್ಕೆಜೋಳಕ್ಕೆ ಮಾಡಿದ, ಬೀಜವನ್ನು ಒಂದೊಂದಾಗಿ ಉದುರಿಸುವ ತೂತಿನ ತಟ್ಟೆಯನ್ನು ಶೇಂಗಾಕ್ಕೆ ಹೊಂದಿಸಿ ಕೊಡಿ ಎಂದಿದ್ದ. ಎಷ್ಟು ತೂತು, ಎಷ್ಟು ಅಗಲ ಎಂದೂ ಹೇಳಿದ್ದ. ಅಣ್ಣ ಸ್ನಾನಕ್ಕೆ ಹೋಗಿದ್ದ. ಬರೆದಿಟ್ಟದ್ದರಲ್ಲಿ ಎರಡು ಅಂಕಿ ಬದಲಿಸಿದೆ, ತಟ್ಟೆಯೇ ಬದಲಾಯಿತು. 'ಅಣ್ಣ ಇನ್ನೂ ನೋಡಿಲ್ಲ, ಪರೀಕ್ಷಿಸಿಕೊಳ್ಳಿ' ಎಂದು ಬರೆದು ಕಳಿಸಿಬಿಟ್ಟೆ. ಅವನಿಗೊಂದು ಕೆಲಸ ಕಡಿಮೆಯಾಯಿತು ಎಂದುಕೊಂಡೆ.

ಆ ವಾರವೇ ಎರ್ರೆಪ್ಪನ ಫೋನು. ಸ್ಪೀಕರ್ ಹಾಕಿದ್ದೆ.

"ತಂಗೀ, ತಟ್ಟಿ ಭಾರಿ ಕುಂತೈತಿ! ಬೀಜ ಒಂದೊಂದ ಬೀಳಾಕತ್ತಾವ. ಇನ್ನ ಮುಂದ ನೀನಾ ಮಾಡಿ ಕಳಿಸವ್ವ, ಅವಗ ಯಾಕ ಸುಮ್ನ ತ್ರಾಸ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅಣ್ಣ ಅರ್ಧ ರೊಟ್ಟಿ ಬಿಟ್ಟು ಎದ್ದ. "ಅದನ್ನ ತಗದ ಹಾಕಲೇ. ನನಗ ಗೆರಿ ಕಾಣಬೇಕು. ಹಳೇದರಾಗ ಮಾಡು" ಎಂದ.

"ಕಂಪ್ಯೂಟರ್ ಮ್ಯಾಲ ಸಿಟ್ಟು ಮಾಡಿದ್ರ ಏನ್ ಬಂತೋ ನನ್ನಪ್ಪಾ" ಎಂದಳು ಅವ್ವ.

ಈಗ ಮತ್ತೆ ಫ್ರೀಕ್ಯಾಡ್. ಮೌಸು ನನ್ನ ಕೈಯಲ್ಲಿ, ಅವನು ನನ್ನ ಹಿಂದೆ. "ಆ ಅಂಚು ಹಿಡಿ. ಅದಲ್ಲಲೇ ಕುರುಡಿ, ಅದರ ಬಾಜೂದು!" ಬಯ್ಯುವಾಗ ಮಾತ್ರ ಅವನ ದನಿ ಮೊದಲಿನಂತೆ ಇರುತ್ತದೆ. ಬಯ್ದ ದಿನ ಹೊಟ್ಟೆ ತುಂಬ ಉಣ್ಣುತ್ತಾನೆ. ಕೆಲಸವಿಲ್ಲದ ದಿನ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. "ನಾ ಇದ್ದು ಏನ್ ಮಾಡಬೇಕು" ಎಂದು ತನ್ನಷ್ಟಕ್ಕೆ ಅಂದದ್ದನ್ನು ಒಮ್ಮೆ ಕೇಳಿಸಿಕೊಂಡೆ. ಅವ್ವನಿಗೆ ಹೇಳಿಲ್ಲ.

ಎರಡರಲ್ಲಿ ಯಾವುದು ಒಳ್ಳೆಯದೆಂದು ಇಂಟರ್ನೆಟ್ಟಿನಲ್ಲಿ ಬಹಳ ಓದಿದೆ. ಯಾವುದು ಬೇಗ, ಯಾವುದು ಸುಲಭ ಎಂದಷ್ಟೇ ಬರೆಯುತ್ತಾರೆ. ನನಗೆ ಬೇಕಾದದ್ದು ಅಣ್ಣನಿಲ್ಲದೆ ಮುಂದೆ ಹೋಗದಂಥದ್ದು.

ಓಪನ್‌ಸ್ಕ್ಯಾಡ್ ತೆಗೆದುಹಾಕಿದ್ದೇನೆ. ಸೋಮವಾರ ನಾನು ಬರುವುದಿಲ್ಲ. ನಿಮ್ಮ ಹೆಡ್ ಮೇಡಂಗೆ ಹೇಳು, ಕನ್ನಡಕ್ಕೆ ಬೇರೆಯವರನ್ನು ನೋಡಿಕೊಳ್ಳಲಿ. ಅಣ್ಣನಿಗೆ, ಕೆಲಸ ಸಿಗಲಿಲ್ಲ ಎಂದು ಹೇಳುತ್ತೇನೆ.

ನಿನ್ನ ಕೋಣೆಗೆ ಬರಬೇಕಾಗಿದ್ದ,
ಯಶೋಧಾ

ತಾ.ಕ.: ಮೇಲಿನದನ್ನು ಬೆಳಿಗ್ಗೆ ಬರೆದಿಟ್ಟಿದ್ದೆ. ಒಂದು ಮಾತು ಮುಚ್ಚಿಟ್ಟೆ. ಫ್ರೀಕ್ಯಾಡ್ ಕೂಡ ಈಗ ನನಗೆ ಚೆನ್ನಾಗಿಯೇ ಬರುತ್ತದೆ. ಅಣ್ಣ ಬಯ್ಯಲಿ ಎಂದು ಬೇಕಂತಲೇ ಒಂದೊಂದು ತೂತನ್ನು ತಪ್ಪು ಜಾಗದಲ್ಲಿ ಇಡುತ್ತಿದ್ದೆ. ಇಂದು ಮಧ್ಯಾಹ್ನ ಇಟ್ಟದ್ದು ಯಾರ ಕಣ್ಣಿಗಾದರೂ ಬೀಳುವಂಥದ್ದು. ಅವನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ತಲೆ ಸವರಿ, "ಸರಿ ಐತಿ ಬಿಡವ್ವ" ಎಂದು ಒಳಗೆ ಹೋದ. ತೂತನ್ನು ನಾನೇ ಸರಿಪಡಿಸಿದೆ. ನಾಳೆ, ಅವನು ನಂಬುವಂಥ ತಪ್ಪು ಮಾಡಬೇಕು.